ಜಾನ್ ಬೋಟ್ ಸಜ್ಜು ಮಾಡುವುದು: ಮೊದಲು ತೂಕದ ಲೆಕ್ಕ, ಆಮೇಲೆ ಡ್ರಿಲ್ಲು

ನನ್ನ ದೋಣಿಯ ಮುಂದಿನ ಬೆಂಚಿನಲ್ಲಿ ಯಾವುದಕ್ಕೂ ಬೇಡದ ನಾಲ್ಕು ತೂತುಗಳಿವೆ. ದೋಣಿ ಕೊಂಡ ಮೊದಲ ಶನಿವಾರವೇ ಉತ್ಸಾಹ ತಡೆಯಲಾರದೆ ತಿರುಗುವ ಕುರ್ಚಿಯೊಂದನ್ನು ಅಲ್ಲಿ ಕೂರಿಸಿದ್ದೆ. ಎರಡನೇ ಶನಿವಾರ ನೀರಿಗಿಳಿದಾಗ ಗೊತ್ತಾಯಿತು: ಆ ಕುರ್ಚಿಯಲ್ಲಿ ಕೂತರೆ ಬ್ಯಾಟರಿಯಲ್ಲಿ ಓಡುವ ಪುಟ್ಟ ಟ್ರೋಲಿಂಗ್ ಮೋಟಾರಿನ ಹಿಡಿಕೆ ಕೈಗೆ ಸಿಗುವುದಿಲ್ಲ, ಮೊಣಕಾಲಿಗೆ ಮಾತ್ರ ಚೆನ್ನಾಗಿ ಸಿಗುತ್ತದೆ. ಕುರ್ಚಿ ಒಂದಡಿ ಹಿಂದೆ ಸರಿಯಿತು, ತೂತುಗಳು ಉಳಿದವು. ನೀವು ಅಂಥ ತೂತು ಕೊರೆಯಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಕೆರೆ, ಹೊಳೆ, ಜೌಗು ಎಲ್ಲಿ ನೋಡಿದರೂ ಕಾಣುವ ಚಪ್ಪಟೆ ತಳದ, ಮೊಂಡು ಮೂತಿಯ ದೋಣಿಯೇ ಜಾನ್ ಬೋಟ್. ಹಿಂದೆ ಹಲಗೆಯಲ್ಲಿ ಮಾಡುತ್ತಿದ್ದರು, ಈಗ ಬಹುಪಾಲು ಅಲ್ಯೂಮಿನಿಯಂ. ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ತೀರ್ಥಹಳ್ಳಿಯಿಂದ ಅಮ್ಮ, "ಇದೆಂಥ ಮಾರಾಯ, ದನಕ್ಕೆ ಅಕ್ಕಚ್ಚು ಹುಯ್ಯೋ ಮರಿಗೆ ಇದ್ದಂಗೆ ಇದೆಯಲ್ಲ" ಅಂದಳು. ಆಕಾರಕ್ಕೆ ಅದಕ್ಕಿಂತ ಸರಿಯಾದ ಹೋಲಿಕೆ ನನಗೂ ಸಿಕ್ಕಿಲ್ಲ. ನಾನಿರುವುದು ನಾರ್ತ್ ಕ್ಯಾರೊಲಿನಾದ ರಾಲಿ ಕಡೆ. ಜೋರ್ಡನ್ ಲೇಕ್, ಫಾಲ್ಸ್ ಲೇಕ್, ಹ್ಯಾರಿಸ್ ಲೇಕ್ ಮೂರೂ ಕೈಯಳತೆಯಲ್ಲಿವೆ. ಇಲ್ಲಿ ಹೇಳುವ ರಾಜ್ಯದ ನಿಯಮಗಳು ಈ ರಾಜ್ಯದವು. ಟೆಕ್ಸಾಸಿನಲ್ಲೋ ಜಾರ್ಜಿಯಾದಲ್ಲೋ ಇರುವವರು ತಮ್ಮ ರಾಜ್ಯದ ವನ್ಯಜೀವಿ ಇಲಾಖೆಯ ಪುಟ ಒಮ್ಮೆ ನೋಡಿಕೊಳ್ಳಿ.

ದೋಣಿ ಆರಿಸುವಾಗ

ಜಾಹೀರಾತಿನಲ್ಲಿ 1236, 1436, 1448 ಎಂದೆಲ್ಲ ಬರೆದಿರುತ್ತಾರೆ. ಮೊದಲ ಎರಡು ಅಂಕಿ ಉದ್ದ, ಅಡಿಯಲ್ಲಿ. ಕೊನೆಯ ಎರಡು ತಳದ ಅಗಲ, ಇಂಚಿನಲ್ಲಿ. 1436 ಅಂದರೆ ಹದಿನಾಲ್ಕು ಅಡಿ ಉದ್ದ, 36 ಇಂಚು ಅಗಲದ ತಳ. ಎಲ್ಲರೂ ಉದ್ದ ನೋಡುತ್ತಾರೆ, ನೋಡಬೇಕಾದ್ದು ಅಗಲ. 36 ಇಂಚಿನ ತಳದಲ್ಲಿ ಕೂತು ಮೀನು ಹಿಡಿಯಬೇಕು. ನಿಂತು ಗಾಳ ಬೀಸುವ ಆಸೆಯಿದ್ದರೆ 48 ಇಂಚಿನದು ಹುಡುಕಿ. ಒಬ್ಬರೇ ಹೋಗುವವರಿಗೆ, ಪಿಕಪ್ ಟ್ರಕ್ಕಿನ ಹಿಂದೆ ಹಾಕಿಕೊಂಡು ಓಡಾಡುವವರಿಗೆ 1236 ಧಾರಾಳ ಸಾಕು.

ಹಳೆಯದು ಕೊಳ್ಳುವುದಾದರೆ ಮೂರು ಪರೀಕ್ಷೆ ಮಾಡಿ. ಟ್ರೇಲರ್ ಮೇಲಿರುವಾಗಲೇ ಒಳಗೆ ಎರಡು ಮೂರು ಇಂಚು ನೀರು ತುಂಬಿ, ಅಡಿಯಲ್ಲಿ ಬಗ್ಗಿ ನೋಡಿ. ಎಲ್ಲಿಂದ ತೊಟ್ಟಿಕ್ಕುತ್ತದೋ ಅಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಹಳೆಯ ದೋಣಿಯಲ್ಲಿ ನಾಲ್ಕಾರು ರಿವೆಟ್ ಸೋರುವುದು ಮಾಮೂಲು. ಒಳಗಿನಿಂದ ಮರೀನ್ ಎಪಾಕ್ಸಿ, ಅಂದರೆ ನೀರಿಗೆ ಜಗ್ಗದ ಅಂಟು, ಬಳಿದರೆ ನಿಲ್ಲುತ್ತದೆ. ತಗಡೇ ಸೀಳಿದ್ದರೆ ಬಿಟ್ಟು ಬನ್ನಿ. ಎರಡನೆಯದು, ಮೋಟಾರು ಕೂರುವ ಹಿಂಗೋಡೆ. ಅದಕ್ಕೆ ಟ್ರಾನ್ಸಮ್ ಅನ್ನುತ್ತಾರೆ, ತಗಡಿನ ಒಳಗೆ ಪ್ಲೈವುಡ್ ಇರುತ್ತದೆ. ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋದರೆ ಗಟ್ಟಿ ಮರದ ಸದ್ದಿಗೂ ಕೊಳೆತ ಮರದ ಬೊದ್ದು ಸದ್ದಿಗೂ ವ್ಯತ್ಯಾಸ ತಿಳಿಯುತ್ತದೆ. ಹಲಸಿನಹಣ್ಣು ತಟ್ಟಿ ನೋಡಿ ಬೆಳೆದವರಿಗೆ ಕಷ್ಟವಲ್ಲ. ಮೂರನೆಯದು, ಅದೇ ಹಿಂಗೋಡೆಯ ಬಲಮೂಲೆಯಲ್ಲಿ ಕೆತ್ತಿರುವ ಹನ್ನೆರಡು ಅಕ್ಷರ-ಅಂಕಿಗಳ ಒಡಲ ಸಂಖ್ಯೆ. ಅದು ಮಾರುವವರ ಕಾಗದದಲ್ಲಿರುವುದಕ್ಕೆ ಹೊಂದಬೇಕು. ಹೊಂದದಿದ್ದರೆ ಎಷ್ಟೇ ಅಗ್ಗವಾದರೂ ಬೇಡ. ನೋಂದಣಿಯ ಹೊತ್ತಿಗೆ ಆ ಅಗ್ಗ ತುಟ್ಟಿಯಾಗುತ್ತದೆ.

ಫಲಕ ಓದಿ, ಕೂಡಿಸಿ

ಇಪ್ಪತ್ತು ಅಡಿಗಿಂತ ಚಿಕ್ಕ ಮೋಟಾರು ದೋಣಿಗಳಿಗೆ ತಯಾರಕರು ಸಾಮರ್ಥ್ಯದ ಫಲಕ ಹಚ್ಚಬೇಕೆಂಬ ನಿಯಮ ಅಮೆರಿಕದಲ್ಲಿ 1970ರ ದಶಕದಿಂದ ಇದೆ. ಅದರಲ್ಲಿ ಎಷ್ಟು ಜನ, ಜನ-ಮೋಟಾರು-ಸಾಮಾನು ಸೇರಿ ಎಷ್ಟು ಪೌಂಡು, ಎಷ್ಟು ಎಚ್‌ಪಿ ಎಂದು ಬರೆದಿರುತ್ತದೆ. ಸಜ್ಜು ಮಾಡುವ ಕೆಲಸ ಇಲ್ಲಿಂದ ಶುರುವಾಗಬೇಕು, ಅಂಗಡಿಯಿಂದಲ್ಲ.

ನನ್ನ 1436ರ ಫಲಕ ಹೇಳುವುದು ಒಟ್ಟು 525 ಪೌಂಡು. ಕೇಳಲು ದೊಡ್ಡದು. ಈಗ ಕೂಡಿಸೋಣ. ನಾನು ಮತ್ತು ಗೆಳೆಯ ಬಟ್ಟೆಬರೆ ಸಮೇತ 345. ಆರು ಎಚ್‌ಪಿ ಪೆಟ್ರೋಲ್ ಮೋಟಾರು ಸುಮಾರು 60. ಮೂರು ಗ್ಯಾಲನ್ ಪೆಟ್ರೋಲು ಡಬ್ಬಿ ಸೇರಿ 24. ಸೀಸ-ಆಮ್ಲದ ದೊಡ್ಡ ಬ್ಯಾಟರಿ 60. ಟ್ರೋಲಿಂಗ್ ಮೋಟಾರು 25. ಮೊತ್ತ 514. ಲಂಗರು, ಐಸ್ ಪೆಟ್ಟಿಗೆ, ಕುಡಿಯುವ ನೀರು, ಗಾಳದ ಸಾಮಾನು ಎಲ್ಲದಕ್ಕೂ ಉಳಿದದ್ದು ಹನ್ನೊಂದು ಪೌಂಡು, ಅಂದರೆ ಐದು ಕೇಜಿ. ಇದರ ಮೇಲೆ ಅರ್ಧ ಇಂಚು ದಪ್ಪದ ಪ್ಲೈವುಡ್ ಹಾಳೆ ಹಾಸಿ ಅಟ್ಟ ಕಟ್ಟುತ್ತೇನೆ ಅಂದರೆ ಒಂದೇ ಹಾಳೆಗೆ ನಲವತ್ತು ಪೌಂಡಿನ ಆಸುಪಾಸು ಬೇಕು.

ಜಾಲದಲ್ಲಿ ಸಿಗುವ ಚೆಂದದ ವಿಡಿಯೋಗಳಲ್ಲಿ ಹದಿನಾಲ್ಕು ಅಡಿ ದೋಣಿಗೆ ಎರಡು ಅಟ್ಟ, ಕಾರ್ಪೆಟ್ಟು, ಮೂರು ಬ್ಯಾಟರಿ, ಸ್ಟೀರಿಂಗ್ ಎಲ್ಲ ಕೂರಿಸಿರುತ್ತಾರೆ. ಈ ಕೂಡಿಸುವ ಲೆಕ್ಕವನ್ನು ಅದರಲ್ಲಿ ಯಾರೂ ಮಾಡಿ ತೋರಿಸಿದ್ದು ನಾನು ಕಂಡಿಲ್ಲ. ಹೊಸ ಸಾಮಾನು ಕೊಳ್ಳುವ ಮೊದಲು ಒಂದು ಕಾಗದದಲ್ಲಿ ತೂಕ ಬರೆಯಿರಿ. ಮೊತ್ತ ಮೀರಿದರೆ ಯಾವುದು ಹೊರಗೆ ಅಂತ ಆಗಲೇ ತೀರ್ಮಾನಿಸಿ. ಸೀಸದ ಬ್ಯಾಟರಿ ಬದಲು ಲಿಥಿಯಂ ಐರನ್ ಫಾಸ್ಫೇಟ್ ಹಾಕಿದರೆ 100 ಆಂಪಿಯರ್-ಅವರಿನದು ಸುಮಾರು 25 ಪೌಂಡು. ಅಲ್ಲೇ 35 ಪೌಂಡು ಉಳಿಯಿತು. ಪೆಟ್ರೋಲ್ ಮೋಟಾರನ್ನೇ ಬಿಟ್ಟರೆ ಇನ್ನೊಂದು 84. ಚಿಕ್ಕ ಕೆರೆಗಳಿಗೆ ಹೋಗುವಾಗ ನಾನು ಅದನ್ನೇ ಮಾಡುವುದು. ಕುಡಿಯುವ ನೀರಿನ ಕೆರೆಗಳಲ್ಲಿ ಕೆಲವೆಡೆ ಪೆಟ್ರೋಲ್ ಮೋಟಾರಿಗೆ ಪ್ರವೇಶವೂ ಇಲ್ಲ.

ತೂಕ ಎಷ್ಟು ಎನ್ನುವಷ್ಟೇ ಮುಖ್ಯ, ಎಲ್ಲಿದೆ ಎನ್ನುವುದು. ಮೋಟಾರು ಹಿಂದೆ, ಪೆಟ್ರೋಲು ಹಿಂದೆ, ಬ್ಯಾಟರಿ ಹಿಂದೆ, ಓಡಿಸುವ ನೀವೂ ಹಿಂದೆ ಅಂದರೆ ಮೂತಿ ಆಕಾಶ ನೋಡುತ್ತದೆ, ಬಾಲ ನೀರು ಕುಡಿಯುತ್ತದೆ. ಬ್ಯಾಟರಿಯನ್ನು ನಡುಬೆಂಚಿನ ಪಕ್ಕ ನೆಲಕ್ಕೆ ತಂದರೆ, ಪೆಟ್ರೋಲ್ ಡಬ್ಬಿಯನ್ನು ಕೊಳವೆಯ ಉದ್ದ ಬಿಡುವಷ್ಟು ಮುಂದಕ್ಕೆ ಇಟ್ಟರೆ ಅರ್ಧ ಸಮಸ್ಯೆ ಮುಗಿಯಿತು. ಒಬ್ಬರೇ ಹೋಗುವ ದಿನ ಮೋಟಾರಿನ ಹಿಡಿಕೆಗೆ ಉದ್ದನೆಯ ಕೊಳವೆ ಸಿಕ್ಕಿಸಿ ನಡುಬೆಂಚಿನಿಂದ ಓಡಿಸಿ. ಅದೇ ಹೆಸರಿನಲ್ಲಿ ಅಂಗಡಿಯಲ್ಲಿ ಸಿಗುತ್ತದೆ, ಟಿಲ್ಲರ್ ಎಕ್ಸ್‌ಟೆನ್ಶನ್. ನಾನು ದೋಣಿಗೆ ಹಾಕಿದ ದುಡ್ಡಿನಲ್ಲಿ ಅತಿ ಕಡಿಮೆಗೆ ಅತಿ ಹೆಚ್ಚು ಫಲ ಕೊಟ್ಟದ್ದು ಅದು.

ಮೂರು ಸಲ ಬರಿದೇ ಹೋಗಿ ಬನ್ನಿ

ಡ್ರಿಲ್ಲು ಮನೆಯಲ್ಲೇ ಇರಲಿ. ಮೊದಲ ಮೂರು ಸಲ ಕ್ಲ್ಯಾಂಪು, ಬಂಜಿ ಹಗ್ಗ, ಬಣ್ಣ ಬಳಿಯುವವರ ಕಾಗದದ ಟೇಪು, ಒಂದು ಮಾರ್ಕರ್ ಪೆನ್ನು ಇಷ್ಟೇ ಇಟ್ಟುಕೊಂಡು ಹೋಗಿ. ಗಾಳದ ಕೋಲನ್ನು (ರಾಡ್) ಹಿಡಿದಿಡುವ ರಾಡ್ ಹೋಲ್ಡರ್ ಅಂಚಿಗೆ ಕಚ್ಚಿಕೊಳ್ಳುವಂಥದ್ದು ತನ್ನಿ. ಮೀನು ಸಿಕ್ಕಿದಾಗ ಕೈಬಲೆಗೆ ಕೈ ಎಲ್ಲಿ ಹೋಯಿತು, ಇಕ್ಕುಳ ಯಾವ ಜೇಬಿನಲ್ಲಿ ತಡಕಾಡಿದಿರಿ, ಎದ್ದಾಗ ಕಾಲು ಎಲ್ಲಿ ಇಟ್ಟಿರಿ, ದಾರ ಏನಕ್ಕೆ ಸಿಕ್ಕಿಹಾಕಿಕೊಂಡಿತು, ಆಗಿಂದಾಗಲೇ ಅಲ್ಲೇ ಟೇಪು ಹಚ್ಚಿ ಗುರುತು ಮಾಡಿ. ಮೂರನೇ ಸಲದ ಹೊತ್ತಿಗೆ ಟೇಪಿನ ಗುರುತುಗಳೇ ನಕ್ಷೆ ಬರೆದಿರುತ್ತವೆ. ನನ್ನ ದೋಣಿಯಲ್ಲಿ ಎಲ್ಲ ಟೇಪೂ ಬಲಗಡೆ ಬಿದ್ದಿತ್ತು, ಎಡಗಡೆ ಒಂದೂ ಇಲ್ಲ. ಬಲಗೈಯಲ್ಲಿ ರಾಡ್ ಹಿಡಿಯುವವನಿಗೆ ಬೇಕಾದ್ದೆಲ್ಲ ಎಡಗೈಗೆ ಸಿಗಬೇಕಲ್ಲವೇ ಎಂಬ ಸಣ್ಣ ವಿಷಯ ನನಗೆ ಹೊಳೆದದ್ದು ಆ ಟೇಪು ನೋಡಿಯೇ. ಈಗ ಬಲೆ, ಇಕ್ಕುಳ, ಅಳತೆಪಟ್ಟಿ ಮೂರೂ ಎಡಗಡೆ.

ನೆಲ ಮತ್ತು ಅಟ್ಟ

ಬೆಂಚು ಕತ್ತರಿಸಬೇಡಿ. ಜಾಗ ಸಿಗುತ್ತದೆಂದು ನಡುಬೆಂಚು ಕಿತ್ತವರನ್ನು ನೋಡಿದ್ದೇನೆ. ಆ ಬೆಂಚು ಎರಡು ಪಕ್ಕೆಗಳನ್ನು ಹಿಡಿದು ನಿಲ್ಲಿಸಿರುವ ತೊಲೆ. ಅದರೊಳಗಿನ ಫೋಮು ದೋಣಿ ನೀರು ತುಂಬಿದರೂ ಮುಳುಗದಂತೆ ತೇಲಿಸುವ ವಸ್ತು. ಕಿತ್ತರೆ ಎರಡೂ ಹೋಯಿತು. ಬೆಂಚಿನ ಮೇಲ್ಭಾಗಕ್ಕೆ ಏನಾದರೂ ಕೂರಿಸುವುದು ಬೇರೆ ಮಾತು.

ಮುಂಭಾಗದಲ್ಲಿ ಎತ್ತರದ ಅಟ್ಟ ಕಟ್ಟಿ ಅದರ ಮೇಲೆ ನಿಲ್ಲುವುದು 36 ಇಂಚಿನ ದೋಣಿಯಲ್ಲಿ ಸಾಹಸ. ನಿಂತವನ ತೂಕ ಒಂದಡಿ ಮೇಲೇರಿದಷ್ಟೂ ದೋಣಿ ಹೊಯ್ದಾಡುತ್ತದೆ. ಕಟ್ಟಲೇಬೇಕೆಂದರೆ ಬೆಂಚಿನ ಮಟ್ಟಕ್ಕಿಂತ ಮೇಲೆ ಹೋಗಬೇಡಿ, ಅಲ್ಯೂಮಿನಿಯಂ ಕೋನಪಟ್ಟಿಯ ಚೌಕಟ್ಟು ಹಾಕಿ, ಮೇಲೆ ತೆಳು ಪ್ಲೈವುಡ್ಡನ್ನು ಎಲ್ಲ ಮೈಗೂ ಅಂಚಿಗೂ ಎಪಾಕ್ಸಿ ಬಳಿದು ಕೂರಿಸಿ.

ಇಲ್ಲೊಂದು ದೊಡ್ಡ ತಪ್ಪು ಬಹಳ ಜನ ಮಾಡುತ್ತಾರೆ. ಮಳೆಗೆ ಕೊಳೆಯುವುದಿಲ್ಲ ಎಂದು ಹಾರ್ಡ್‌ವೇರ್ ಅಂಗಡಿಯಿಂದ ಹಸಿರು ಛಾಯೆಯ ಪ್ರೆಶರ್ ಟ್ರೀಟೆಡ್ ಮರ ತಂದು ಹಾಕುತ್ತಾರೆ. ಅದಕ್ಕೆ ಉಣಿಸಿರುವುದು ತಾಮ್ರದ ಸಂಯುಕ್ತ. ಒದ್ದೆಯಲ್ಲಿ ತಾಮ್ರವೂ ಅಲ್ಯೂಮಿನಿಯಮ್ಮೂ ತಾಗಿಕೊಂಡಿದ್ದರೆ ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಮ್ಮೇ. ಮರ ಗಟ್ಟಿಯಾಗಿ ಉಳಿಯುತ್ತದೆ, ಅದರಡಿಯ ದೋಣಿಗೆ ತೂತು ಬೀಳುತ್ತದೆ. ಇದೇ ಕಾರಣಕ್ಕೆ ತಾಮ್ರ ಸೇರಿದ ತಳದ ಬಣ್ಣವೂ ಬೇಡ, ತಳದಲ್ಲಿ ಬಿದ್ದ ಒಂದು ಪೆನ್ನಿ ನಾಣ್ಯವೂ ಬೇಡ. ಸ್ಟೇನ್‌ಲೆಸ್ ಸ್ಕ್ರೂ ಹಾಕಬಹುದು, ಆದರೆ ಎಳೆಗಳಿಗೆ ಅಲ್ಯೂಮಿನಿಯಮ್ಮಿಗೆಂದೇ ಬರುವ ರಕ್ಷಣೆಯ ಪೇಸ್ಟ್ ಸವರಿ ಹಾಕಿ. ಸಾಧ್ಯವಾದಲ್ಲೆಲ್ಲ ಬಾಯಿ ಮುಚ್ಚಿದ ಅಲ್ಯೂಮಿನಿಯಂ ಪಾಪ್ ರಿವೆಟ್ಟೇ ಒಳ್ಳೆಯದು. ನೀರಿನ ಮಟ್ಟಕ್ಕಿಂತ ಕೆಳಗೆ ಮಾತ್ರ ಯಾವ ಕಾರಣಕ್ಕೂ ಹೊಸ ತೂತು ಬೇಡ.

ನೆಲಕ್ಕೆ ನಾನು ಹಾಸಿರುವುದು ಮಕ್ಕಳ ಆಟದ ಕೋಣೆಯಲ್ಲಿ ಹಾಸುವ, ಒಂದಕ್ಕೊಂದು ಹಲ್ಲು ಕಚ್ಚುವ ಫೋಮ್ ಚಾಪೆ. ಎರಡು ಲಾಭ. ಒಂದು, ಸದ್ದು. ಬರಿ ತಗಡಿನ ಮೇಲೆ ಇಕ್ಕುಳ ಬಿದ್ದರೆ ದೇವಸ್ಥಾನದ ಜಾಗಟೆ ಹೊಡೆದ ಹಾಗೆ, ಮೂರಡಿ ನೀರಿನಲ್ಲಿರುವ ಮೀನು ಅಲ್ಲಿರುವುದಿಲ್ಲ. ಇನ್ನೊಂದು, ಜುಲೈ ಮಧ್ಯಾಹ್ನ ಬರಿಗಾಲಿಡಲು ಆಗುತ್ತದೆ. ಕಾರ್ಪೆಟ್ ನೀರು ಹಿಡಿದು ಭಾರವಾಗುತ್ತದೆ, ಗಾಳ ಸಿಕ್ಕರೆ ಬಿಡಿಸಲು ಬರುವುದಿಲ್ಲ, ವಾಸನೆಯಂತೂ ಕೇಳಬೇಡಿ. ಚಾಪೆಯನ್ನು ಅಂಟಿಸದೆ ಹಾಸಿ. ಪ್ರತಿಸಲ ಎತ್ತಿ ಒಣಗಿಸಬೇಕು.

ಬ್ಯಾಟರಿ ಮತ್ತು ತಂತಿ

ಟ್ರೋಲಿಂಗ್ ಮೋಟಾರಿನ ಬಲವನ್ನು ತಳ್ಳುವ ಪೌಂಡಿನಲ್ಲಿ ಅಳೆಯುತ್ತಾರೆ. ತುಂಬಿದ ದೋಣಿಯ ಪ್ರತಿ ನೂರು ಪೌಂಡಿಗೆ ಎರಡು ಪೌಂಡು ಎಂಬುದು ಎಲ್ಲರೂ ಹೇಳುವ ಅಂದಾಜು ಲೆಕ್ಕ. ಒಡಲು 170, ಒಳಗೆ 500 ಅಂದುಕೊಂಡರೆ ಹದಿಮೂರು ಹದಿನಾಲ್ಕು ಸಾಕಾಯಿತು. ಗಾಳಿ ಈ ಲೆಕ್ಕ ಓದಿರುವುದಿಲ್ಲ. ಜೋರ್ಡನ್ ಲೇಕಿನ ತೆರೆದ ನೀರಿನಲ್ಲಿ ಮಧ್ಯಾಹ್ನದ ಗಾಳಿಗೆ ಎದುರಾಗಿ ದೋಣಿ ಇಳಿಸುವ ಇಳಿಜಾರಿಗೆ, ಅಂದರೆ ರ‍್ಯಾಂಪಿಗೆ ಮರಳಬೇಕಾದರೆ 40ರಿಂದ 55 ಪೌಂಡಿನದು ಇರಲಿ. ಅಷ್ಟರವರೆಗೂ 12 ವೋಲ್ಟಿನ ಒಂದೇ ಬ್ಯಾಟರಿ ಸಾಕು, ಹೆಚ್ಚು ಬೇಕೆಂದರೆ ಎರಡು ಬೇಕಾಗುತ್ತದೆ. ತೂಕದ ಕಾಗದ ನೆನಪಿರಲಿ.

55 ಪೌಂಡಿನ ಮೋಟಾರು ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಅವರಿನ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡಿದರೆ ಅದರ ಆಯುಸ್ಸು ಕುಗ್ಗುತ್ತದೆ, ಹಾಗಾಗಿ ಪೂರ್ತಿ ವೇಗದಲ್ಲಿ ಸಿಗುವುದು ಹೆಚ್ಚೆಂದರೆ ಒಂದು ಗಂಟೆ. ವೇಗ ಅರ್ಧಕ್ಕಿಳಿಸಿದರೆ ಅದೇ ಬ್ಯಾಟರಿ ಅದರ ಹಲವು ಪಟ್ಟು ಹೊತ್ತು ಬರುತ್ತದೆ.

ಬ್ಯಾಟರಿಯ ಧನ ತುದಿಗೆ ಆದಷ್ಟು ಹತ್ತಿರ, ಏಳು ಇಂಚಿನೊಳಗೆ, ಬ್ರೇಕರ್ ಹಾಕಿ. ಈ ಮೋಟಾರಿಗೆ 60 ಆಂಪಿಯರಿನದು. ಮೋಟಾರು ಕಳೆಗೆ ಸಿಕ್ಕು ನಿಂತರೂ ಬ್ಯಾಟರಿ ತಳ್ಳುತ್ತಲೇ ಇರುತ್ತದೆ. ಬ್ರೇಕರ್ ಇಲ್ಲದಿದ್ದರೆ ಉರಿಯುವುದು ತಂತಿ, ಪಕ್ಕದಲ್ಲಿರುವುದು ಪೆಟ್ರೋಲ್ ಡಬ್ಬಿ. ಮೂತಿಯವರೆಗೆ ಎಳೆಯುವ ತಂತಿ 6 ಗೇಜಿನದಾಗಿರಲಿ, ತವರ ಲೇಪಿಸಿದ ಮರೀನ್ ತಂತಿ. ಕಾರಿನ ಅಭ್ಯಾಸದಲ್ಲಿ ಋಣ ತಂತಿಯನ್ನು ದೋಣಿಯ ಮೈಗೇ ಕಟ್ಟಬೇಡಿ. ನೀರಿನಲ್ಲಿ ಕೂತ ಅಲ್ಯೂಮಿನಿಯಮ್ಮಿನ ಮೂಲಕ ವಿದ್ಯುತ್ ಹರಿದರೆ ತಗಡು ಸವೆಯುತ್ತದೆ. ಧನ, ಋಣ ಎರಡೂ ತಂತಿ ಮೋಟಾರಿನಿಂದ ನೇರ ಬ್ಯಾಟರಿಗೇ ಬರಬೇಕು. ಬ್ಯಾಟರಿ ಪೆಟ್ಟಿಗೆಯಲ್ಲಿರಲಿ, ಪೆಟ್ಟಿಗೆಗೆ ಪಟ್ಟಿ ಬಿಗಿದಿರಲಿ. ಸೀಸದ್ದಾದರೆ ಗಾಳಿಯಾಡುವಂತಿರಲಿ, ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ.

ಯಾವುದು ಎಲ್ಲಿ

ಗಾಳದ ಸಾಮಾನು ಕೊಳ್ಳುವುದು ಸೀರೆ ಕೊಂಡ ಹಾಗೆ, ಸಾಕೆನಿಸುವುದಿಲ್ಲ. ಮನೆಯಲ್ಲಿ ಎಷ್ಟಾದರೂ ಇರಲಿ, ದೋಣಿಗೆ ಎರಡೇ ಡಬ್ಬಿ ಎಂದು ನಿಯಮ ಹಾಕಿಕೊಳ್ಳಿ. ಒಂದರಲ್ಲಿ ಆ ದಿನದ ಮೀನಿನ ಸಾಮಾನು, ಇನ್ನೊಂದರಲ್ಲಿ ಗಾಳ, ಸೀಸದ ಗುಂಡು, ಬೆಂಡು, ದಾರ ಹುರಿಗೊಳ್ಳದಂತೆ ತಿರುಗುವ ಕೊಂಡಿ (ಸ್ವಿವೆಲ್). ವಸಂತದಲ್ಲಿ ನೀರು 60 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟುವ ಹೊತ್ತಿಗೆ ಕ್ರ್ಯಾಪಿ ಎಂಬ ಮೀನು ಮೊಟ್ಟೆಯಿಡಲು ದಡಕ್ಕೆ ಬರುತ್ತದೆ. ಆಗ ನನ್ನ ಡಬ್ಬಿಯಲ್ಲಿ ಪುಟ್ಟ ಜಿಗ್ಗುಗಳೇ, ಅಂದರೆ ತಲೆಯಲ್ಲಿ ಭಾರವಿರುವ ಗಾಳಗಳು. ಆ ದಿನ ಬಾಸ್ ಮೀನಿಗೆಂದಿರುವ ದೊಡ್ಡ ಲೂರುಗಳು (ಕೃತಕ ಎರೆಗಳು) ಗ್ಯಾರೇಜಿನಲ್ಲಿ ಉಳಿಯುತ್ತವೆ. ಒಂದೆರಡು ಸಲ ಪಶ್ಚಾತ್ತಾಪವಾಗಿದೆ, ನಿಜ.

ರಾಡ್‌ಗಳೇ ದೊಡ್ಡ ತಲೆನೋವು. ಏಳಡಿಯ ನಾಲ್ಕು ರಾಡು ನೆಲದಲ್ಲಿ ಬಿದ್ದಿದ್ದರೆ ಒಂದರ ತುದಿ ಮುರಿಯುವುದು ಖಚಿತ. ಈಜುಕೊಳದಲ್ಲಿ ಮಕ್ಕಳು ಆಡುವ ಫೋಮಿನ ಉದ್ದ ಕೋಲು ಸಿಗುತ್ತದಲ್ಲ, ಪೂಲ್ ನೂಡಲ್, ಅದನ್ನು ಗೇಣುದ್ದಕ್ಕೆ ಕತ್ತರಿಸಿ ಅಡ್ಡಕ್ಕೆ ಸೀಳು ಕೊಟ್ಟು ಪಕ್ಕದ ಅಂಚಿಗೆ ಕಟ್ಟಿ. ರಾಡು ಸೀಳಿನೊಳಗೆ ಕೂರುತ್ತದೆ, ಮೇಲಿಂದ ಬಂಜಿ. ಒಂದೂ ತೂತು ಬೇಡ. ಒಬ್ಬರಿಗೆ ಎರಡು ರಾಡು, ಮೂರನೆಯದು ಬೇಡ.

ಐದು ಗ್ಯಾಲನ್ನಿನ ಪ್ಲಾಸ್ಟಿಕ್ ಬಕೆಟ್ಟು ಒಂದಿರಲಿ. ಹೋಗುವಾಗ ಅದರಲ್ಲಿ ಲಂಗರು ಮತ್ತು ಹಗ್ಗ, ಬರುವಾಗ ಕೆಸರಾದ ಅದೇ ಲಂಗರು, ನಡುವೆ ನೀರು ಮೊಗೆಯಲು, ತಿರುವಿ ಹಾಕಿದರೆ ಮಗುವಿಗೆ ಮಣೆ. ಲಂಗರು ಎಂಟು ಹತ್ತು ಪೌಂಡಿನ ಅಣಬೆ ಆಕಾರದ್ದು ಸಾಕು. ಹಗ್ಗ ಉದ್ದವಿರಲಿ, ಗಾಳಿಯಲ್ಲಿ ಗಟ್ಟಿಯಾಗಿ ಹಿಡಿಯಬೇಕಾದರೆ ಆಳದ ಏಳು ಪಟ್ಟು ಬಿಡಬೇಕೆಂಬುದು ಹಳೆಯ ಲೆಕ್ಕ. ಲಂಗರನ್ನು ಮೂತಿಯಿಂದಲೇ ಇಳಿಬಿಡಿ. ಹಿಂಬದಿಯಿಂದ ಬಿಟ್ಟರೆ ಹಿಂಗೋಡೆ ತಗ್ಗಿರುವ ಕಡೆ ಅಲೆಗೆ ಮುಖ ಕೊಟ್ಟ ಹಾಗಾಗುತ್ತದೆ. ಸಣ್ಣ ದೋಣಿಗಳು ತುಂಬಿ ಮುಳುಗುವುದು ಹೀಗೂ ಉಂಟು.

ಐಸ್ ಪೆಟ್ಟಿಗೆ ನಡುವೆ, ಅದೇ ಊಟದ ಮೇಜು. ಚಿತ್ರಾನ್ನದ ಡಬ್ಬಿಯನ್ನು ಎರೆಹುಳದ ಡಬ್ಬಿಯ ಜೊತೆ ಇಡಬೇಡಿ. ಎರಡೂ ಒಂದೇ ಅಂಗಡಿಯ ಮೊಸರಿನ ಡಬ್ಬಿಯಾಗಿದ್ದರೆ ಏನಾಗುತ್ತದೆಂದು ನಮ್ಮ ಗುಂಪಿನಲ್ಲಿ ಒಬ್ಬರಿಗೆ ಗೊತ್ತಿದೆ. ಹುಟ್ಟು ಒಂದು ಕಡ್ಡಾಯ, ಮೋಟಾರು ಎರಡಿದ್ದರೂ.

ಕಾನೂನು ಕೇಳುವ ಸಾಮಾನು

ನಾರ್ತ್ ಕ್ಯಾರೊಲಿನಾದಲ್ಲಿ ಟ್ರೋಲಿಂಗ್ ಮೋಟಾರೊಂದೇ ಇದ್ದರೂ ದೋಣಿಯ ನೋಂದಣಿ ಆಗಬೇಕು. ಅದು ರಾಜ್ಯದ ವನ್ಯಜೀವಿ ಸಂಪನ್ಮೂಲ ಆಯೋಗದ ಕೆಲಸ. ಸಿಕ್ಕ ಸಂಖ್ಯೆಯನ್ನು ಮೂತಿಯ ಎರಡೂ ಪಕ್ಕ, ಕನಿಷ್ಠ ಮೂರು ಇಂಚು ಎತ್ತರದ ಅಕ್ಷರಗಳಲ್ಲಿ, ದೋಣಿಯ ಬಣ್ಣಕ್ಕೆ ಎದ್ದು ಕಾಣುವಂತೆ ಹಚ್ಚಬೇಕು. 1988ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು 10 ಎಚ್‌ಪಿ ಅಥವಾ ಹೆಚ್ಚಿನ ಮೋಟಾರು ಓಡಿಸಲು ದೋಣಿ ಸುರಕ್ಷತೆಯ ಕೋರ್ಸ್ ಮುಗಿಸಿರಬೇಕು. ಹದಿನಾರು ತುಂಬಿದವರಿಗೆ ಮೀನು ಹಿಡಿಯುವ ಲೈಸೆನ್ಸ್ ಬೇಕು.

ಲೈಫ್ ಜಾಕೆಟ್ ತಲೆಗೊಂದು ಇರಬೇಕು. ಹದಿಮೂರರ ಒಳಗಿನ ಮಕ್ಕಳು ದೋಣಿ ಚಲಿಸುವಾಗ ತೊಟ್ಟೇ ಇರಬೇಕು. ದೊಡ್ಡವರು ಹತ್ತಿರ ಇಟ್ಟುಕೊಂಡರೆ ಕಾನೂನಿಗೆ ಸಾಕು, ಫೆಬ್ರವರಿಯ ನೀರಿಗೆ ಸಾಲದು. ತುಂಗೆಯಲ್ಲಿ ಈಜು ಕಲಿತ ಧೈರ್ಯ ಆ ತಣ್ಣೀರಿನಲ್ಲಿ ಕೆಲವೇ ನಿಮಿಷಗಳದ್ದು. ಕೈಕಾಲು ಮಾತು ಕೇಳುವುದಿಲ್ಲ. ಬೆಲ್ಟಿನ ಹಾಗೆ ಸೊಂಟಕ್ಕೋ ಹೆಗಲಿಗೋ ಕೂರುವ, ಗಾಳಿ ತುಂಬಿಕೊಳ್ಳುವ ಜಾಕೆಟ್ ಸೆಕೆಗೆ ಹಿತ. ಕತ್ತಲಾದ ಮೇಲೆ ಇರುವವರಿಗೆ ಮೂತಿಯಲ್ಲಿ ಕೆಂಪು-ಹಸಿರು, ಹಿಂದೆ ಸುತ್ತಲೂ ಕಾಣುವ ಬಿಳಿ ದೀಪ ಬೇಕು, ಕ್ಲ್ಯಾಂಪಿನವು ಸಿಗುತ್ತವೆ. ಒಂದು ಸೀಟಿ ಜಾಕೆಟ್ಟಿಗೇ ಕಟ್ಟಿಬಿಡಿ. ಪೆಟ್ರೋಲ್ ಮೋಟಾರಿನ ಕೆಂಪು ಸುರುಳಿ ಹಗ್ಗ, ನೀವು ಬಿದ್ದರೆ ಎಂಜಿನ್ ನಿಲ್ಲಿಸುವುದು, ಅದನ್ನು ವೇಗವಾಗಿ ಹೋಗುವಾಗ ಸಿಕ್ಕಿಸಿಕೊಳ್ಳಬೇಕೆಂದು 2021ರ ಏಪ್ರಿಲ್ 1ರಿಂದ ಒಕ್ಕೂಟದ ಕಾನೂನೇ ಇದೆ. ಒಬ್ಬರೇ ಹೋಗುವವರಿಗೆ ಆ ಹಗ್ಗಕ್ಕಿಂತ ಒಳ್ಳೆಯ ಜೊತೆಗಾರ ಇಲ್ಲ.

ರ‍್ಯಾಂಪಿನಲ್ಲಿ

ಹಿಂಗೋಡೆಯ ಬುಡದಲ್ಲಿ ನೀರು ಹೊರಹೋಗಲು ಒಂದು ತೂತು, ಅದಕ್ಕೊಂದು ಪ್ಲಗ್ ಇರುತ್ತದೆ. ಅದನ್ನು ಹಾಕಲು ಮರೆಯದ ದೋಣಿಗಾರ ಇನ್ನೂ ಹುಟ್ಟಿಲ್ಲ. ನಾನು ಮರೆತದ್ದು ರ‍್ಯಾಂಪಿನಲ್ಲಿ ಹನ್ನೆರಡು ಟ್ರಕ್ಕುಗಳು ಸಾಲುಗಟ್ಟಿದ್ದ ಒಂದು ಏಪ್ರಿಲ್ ಬೆಳಿಗ್ಗೆ. ಫೋಮ್ ಚಾಪೆ ತೇಲಿ ಮೊಣಕಾಲಿಗೆ ಬಂದಾಗಲೇ ಗೊತ್ತಾದದ್ದು. ಈಗ ಪ್ಲಗ್ಗು ಮನೆಗೆ ಹೋಗುವಾಗ ಕಾರಿನ ಕೀಲಿಗೊಂಚಲಲ್ಲಿ ಇರುತ್ತದೆ, ಇನ್ನೊಂದು ಹೆಚ್ಚಿನದು ಗಾಳದ ಡಬ್ಬಿಯಲ್ಲಿ.

ರ‍್ಯಾಂಪಿನ ಸಾಲಿನಲ್ಲಿ ನಿಂತು ಸಾಮಾನು ತುಂಬಬೇಡಿ, ಹಿಂದಿನವರು ಬಯ್ಯುತ್ತಾರೆ. ಪಾರ್ಕಿಂಗಿನಲ್ಲೇ ಪಟ್ಟಿ ಬಿಚ್ಚಿ, ಪ್ಲಗ್ ಹಾಕಿ, ರಾಡು ಜೋಡಿಸಿ, ಮೂತಿಗೆ ಹಗ್ಗ ಕಟ್ಟಿ, ಆಮೇಲೆ ಹಿಂದಕ್ಕೆ ಬನ್ನಿ. ಮರಳಿ ಬಂದಾಗ ಮೊದಲು ಪ್ಲಗ್ ತೆಗೆದು ನೀರು ಬಸಿಯಿರಿ. ಹ್ಯಾರಿಸ್ ಲೇಕಿನಂಥ ಕಡೆ ಹೈಡ್ರಿಲ್ಲಾ ಕಳೆ ಟ್ರೇಲರಿನ ಸಂದುಗೊಂದಿಗೆಲ್ಲ ಸುತ್ತಿಕೊಂಡಿರುತ್ತದೆ. ಒಂದು ತುಂಡು ಸಾಕು, ಮುಂದಿನ ಕೆರೆಗೆ ನೀವೇ ನಾಟಿ ಮಾಡಿದ ಹಾಗೆ. ಅದನ್ನೆಲ್ಲ ಕಿತ್ತು ಅಲ್ಲೇ ನೀರಿನಿಂದ ದೂರ, ಒಣನೆಲದಲ್ಲಿ ಎಸೆಯಿರಿ. ಮನೆಗೆ ಬಂದ ಮೇಲೆ ಚಾಪೆ ಬೇಲಿಯ ಮೇಲೆ, ಗಾಳದ ಡಬ್ಬಿಗಳ ಮುಚ್ಚಳ ತೆರೆದು ಗ್ಯಾರೇಜಿನಲ್ಲಿ, ಬ್ಯಾಟರಿ ಚಾರ್ಜಿಗೆ. ಇಷ್ಟು ಮುಗಿಸುವ ಹೊತ್ತಿಗೆ ಒಳಗೆ ಯಾರಾದರೂ ಕ್ಯಾಟ್‌ಫಿಶ್ಶಿಗೆ ಖಾರ ಅರೆದಿಟ್ಟಿದ್ದರೆ ಅದು ನಿಮ್ಮ ಪುಣ್ಯ. ನಮ್ಮ ಮನೆಯಲ್ಲಿ ಅದನ್ನೂ ನಾನೇ ಅರೆಯಬೇಕು.